ಎಲ್ಲಿ ನೋವು ಎಂದು ಕೇಳಿದರೆ

ಚೆಲ್ಲಾನಂ
15 ಜೂನ್ 1997

ನನ್ನ ಜಸಿಂತಾ,

ಮೊದಲೇ ಹೇಳಿಬಿಡುತ್ತೇನೆ, ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಅಕ್ಷರ ಓರೆಕೋರೆಯಾಗಿದೆ ಎಂದು ಏನೇನೋ ಯೋಚಿಸಬೇಡ, ಪೆನ್ನು ಸರಿಯಿಲ್ಲ, ಅಷ್ಟೇ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಡಿಸಿ ಹೆತ್ತ ಅಮ್ಮಚ್ಚಿಯೇ ನನ್ನನ್ನು ಸೀಗಡಿ ಸುಲಿಯಲು ಕೂರಿಸಿದಳು. ನಿನ್ನ ಅಕ್ಕನ ಅಕ್ಷರ ಇನ್ನು ಹೇಗಿದ್ದೀತು, ನೀನೇ ಹೇಳು.

ಒಳ್ಳೆಯ ಸುದ್ದಿ ಮೊದಲು. ನಮ್ಮ ಮಗಳು ಮೆಟಿಲ್ಡ ಬಸುರಿ. ಕ್ರಿಸ್ಮಸ್ ಕಳೆದು ಜನವರಿಗೆ ಹೆರಿಗೆ ಎಂದಿದ್ದಾರೆ. ಚೊಚ್ಚಲು, ಅದರಲ್ಲೂ ಮದುವೆಯಾಗಿ ಐದು ವರ್ಷದ ಮೇಲೆ. ಏಳನೇ ತಿಂಗಳಿಗೆ ನಾನು, ನಿನ್ನ ಭಾವ ಕೊಲ್ಲಂಗೆ, ಅವಳ ಗಂಡನ ಮನೆಗೆ ಹೋಗಿ ಕರೆದುಕೊಂಡು ಬರಬೇಕು. ಆಮೇಲೆ ಬಾಣಂತನ ಎಲ್ಲ ನನ್ನದೇ. ಮಗುವಿಗೆ ಎಣ್ಣೆ ತಿಕ್ಕಿ ಎರೆಯುವುದು, ಬಾಣಂತಿಯ ಸೊಂಟಕ್ಕೆ ಸೊಪ್ಪು ಕುದಿಸಿದ ನೀರು ಎತ್ತಿ ಹೊಯ್ಯುವುದು. ಅಮ್ಮಚ್ಚಿ ನನಗೆ ಮಾಡಿದ ಹಾಗೆ.

ಇನ್ನೊಂದು ವಿಷಯ. ಚಿಕ್ಕ ವಿಷಯ.

ಉಪವಾಸದ ತಪಸ್ಸುಕಾಲದಲ್ಲಿ ನನ್ನ ಬಲ ಹೆಗಲು ನೋಯಲು ಶುರುವಾಯಿತು. ಈಸ್ಟರ್ ಹೊತ್ತಿಗೆ ಎಡ ಹೆಗಲಿಗೂ ಬಂತು. ಈಗ ಕತ್ತು, ಸೊಂಟ, ತೊಡೆ. ಜಗಲಿಯಲ್ಲಿ ಕೂತಿದ್ದ ನೆಂಟ ಒಂದೊಂದೇ ಕೋಣೆ ಹಿಡಿದ ಹಾಗೆ. ಹೋಗು ಎನ್ನಲು ಯಾರಿಗೆ ಹೇಳುವುದು ಎಂದು ಗೊತ್ತಿಲ್ಲ. ಸೀಗಡಿ ಸುಲಿಯುವ ಶೆಡ್ಡಿನಲ್ಲಿ ಎಲ್ಲರೂ ಹೇಳುವುದು ಒಂದೇ, ಇಷ್ಟು ವರ್ಷ ಮಂಜುಗಡ್ಡೆಯಲ್ಲಿ ಕೈಯಿಟ್ಟು ಕೂತಿದ್ದಕ್ಕೆ ಐಸ್ ಮೂಳೆಗೆ ಇಳಿದಿದೆ ಎಂದು. ನನ್ನ ಪಕ್ಕ ಕೂರುವ ಫಿಲೋಮಿ ಮಾತ್ರ, "ಐಸೂ ಅಲ್ಲ ಗೀಸೂ ಅಲ್ಲ. ತಲೆಗೆ ನೀರು ಹಾಕ್ಕೊಂಡು ನೆತ್ತಿಗೆ ಮದ್ದಿನ ಪುಡಿ ತಿಕ್ಕದೆ ಓಡಿ ಬರ್ತೀಯಲ್ಲ, ತಲೆಯಿಂದ ಮೈಗೆ ನೀರು ಇಳಿದಿದೆ ನೋಡು" ಎನ್ನುತ್ತಾಳೆ. ನಿನ್ನ ಭಾವನಿಗೆ ಅದೂ ಸರಿಯಿಲ್ಲ. ಕಾಲು ಮುಂದಾಗಿ ಹುಟ್ಟಿದವನೊಬ್ಬ ತೋಪುಂಪಡಿಯಲ್ಲಿದ್ದಾನಂತೆ, ಬೆನ್ನಿಗೆ ಕಾಲಿನಿಂದ ಒಂದು ಒದೆ ಕೊಟ್ಟರೆ ಉಳುಕು ಹೋಗುತ್ತದಂತೆ. ಇವರ ಕೈಯಲ್ಲಿ ಬೈಸಿಕೊಂಡಿದ್ದು ಸಾಲದೆ ಹೊರಗಿನವನ ಕೈಯಲ್ಲಿ ಒದೆಸಿಕೊಳ್ಳಬೇಕೇ? ಅಳಿಯ ಜೆರೋಮ್ ಓದಿದವನು, ನರದ ಡಾಕ್ಟರಿಗೆ ತೋರಿಸಿ ಎನ್ನುತ್ತಾನೆ.

ಒಬ್ಬೊಬ್ಬರು ಹೇಳಿದಾಗಲೂ ಅದೇ ಸರಿ ಅನ್ನಿಸುತ್ತದೆ. ನೀನು ಅಷ್ಟು ದೂರ ಗುಜರಾತಿನ ಶೆಡ್ಡಿನಲ್ಲಿ ನೂರಾರು ಹುಡುಗಿಯರನ್ನು ಆಳುವವಳು. ಹೇಳು, ಯಾವ ಡಾಕ್ಟರ ಹತ್ತಿರ ಹೋಗಲಿ? ಮಗು ಬರುವುದರೊಳಗೆ ಕೈ ಸರಿಹೋಗಬೇಕು. ಮೆಟಿಲ್ಡಳಿಗೆ ಹೇಳಿಲ್ಲ. ನೀನೂ ಬರೆಯಬೇಡ.

ನಿನ್ನ ಚೇಚಿ
ಬ್ರಿಜಿತ್ತ


ವೆರಾವಳ
4 ಜುಲೈ 1997

ಚೇಚಿ,

ನೀನು "ಗಾಬರಿಯಾಗಬೇಡ" ಎಂದು ಶುರುಮಾಡಿದ ಪತ್ರವನ್ನು ನಾನು ನಿಂತುಕೊಂಡು ಓದುವುದಿಲ್ಲ, ಮೊದಲು ಕುರ್ಚಿ ಹುಡುಕುತ್ತೇನೆ. "ಚಿಕ್ಕ ವಿಷಯ" ಎಂದರಂತೂ ಪತ್ರವನ್ನು ಕೊನೆಯಿಂದ ಓದುತ್ತೇನೆ. ಅಮ್ಮಚ್ಚಿಯ ಕೊನೆಯ ಜ್ವರವನ್ನೂ ನೀನು "ಚಿಕ್ಕ ಜ್ವರ" ಎಂದೇ ಬರೆದಿದ್ದೆ.

ಮೆಟಿಲ್ಡಳ ಸುದ್ದಿ ಕೇಳಿ ಇಲ್ಲಿ ಇಡೀ ಶೆಡ್ಡಿಗೆ ಪೇಡಾ ಹಂಚಿದೆ. ನಮ್ಮ ಹುಡುಗಿಯರು, "ಜಸಿಂತ ಚೇಚಿ ಅಜ್ಜಿಯಾದ್ರು, ಇನ್ನು ಬೈಯೋದು ಕಮ್ಮಿ ಮಾಡ್ತಾರೆ" ಎಂದು ಮಾತಾಡಿಕೊಂಡರು. ಕಮ್ಮಿ ಮಾಡಿಲ್ಲ.

ಶುರುವಾದದ್ದು ಹೆಗಲಿನಲ್ಲಿ ತಾನೇ? ಹೆಗಲಲ್ಲಿ ಇರುವುದು ಮೂಳೆ. ಮೂಳೆ ಡಾಕ್ಟರಿಗೆ ತೋರಿಸು. ಒದೆಯುವವನ ಹತ್ತಿರ ಮೊದಲು ಕ್ಲೀಟಸ್ ಭಾವ ಹೋಗಿ ಒದೆಸಿಕೊಂಡು ಬರಲಿ, ಅವರಿಗೆ ಗುಣವಾದರೆ ನೀನು ಹೋಗು. ದೋಣಿಗಳು ಬಲೆ ಹಾಕದ ಈ ಮಳೆಗಾಲದಲ್ಲಿ ಶೆಡ್ಡೂ ಖಾಲಿ, ನಿನಗೆ ನೆಪವೂ ಇಲ್ಲ. ಹೋಗಿ ಬಾ, ಹೋಗಿಬಂದು ಬರೆ. ನಾಮಕರಣಕ್ಕೆ ನಾನು ಬರಲು ನೋಡುತ್ತೇನೆ. ನೋಡೋಣ.

ಪೆನ್ನು ಸರಿಯಿಲ್ಲ ಎಂದೆಯಲ್ಲ, ಒಂದು ಹೊಸದನ್ನು ಕಳಿಸಿದ್ದೇನೆ.

ಜಸಿಂತ


ಚೆಲ್ಲಾನಂ
20 ಆಗಸ್ಟ್ 1997

ಜಸಿಂತಾ,

ಹೊಸ ಪೆನ್ನು ಬಂತು. ಅಕ್ಷರ ಹೀಗೇ ಇದೆ. ಕಾಗದ ಸರಿಯಿಲ್ಲ.

ಮೂಳೆ ಡಾಕ್ಟರಿಗೆ ತೋರಿಸಿದೆ. ಊರಿನ ದೊಡ್ಡ ಆಸ್ಪತ್ರೆಗೆ ಒಂದು ದಿನ ಹೋಗಿ ಚೀಟಿ ಬರೆಯುವ ಕಿಟಕಿಯ ತನಕ ಮುಟ್ಟಿ ವಾಪಸು ಬಂದೆ. ಕಾರಣ ಏನಿಲ್ಲ, ಜನ ಜಾಸ್ತಿ ಇದ್ದರು. ಮುಂದಿನ ವಾರ ಬೇರೆ ಆಸ್ಪತ್ರೆಗೆ ಹೋದೆ. ಅಲ್ಲಿ ಡಾಕ್ಟರು, "ಎಲ್ಲಿ ನೋವು?" ಎಂದರು. ಹೆಗಲು ತೋರಿಸಿದೆ. ಫೋಟೋ ತೆಗೆಸಿದರು. ಕೈಯನ್ನು ಹಿಂದಕ್ಕೆ ತಿರುವಿದರು, ನಾನು ಎಲ್ಲ ಸಂತರನ್ನೂ ಒಬ್ಬೊಬ್ಬರಾಗಿ ಕರೆದೆ. ಆಮೇಲೆ ಅವರು ನಿನ್ನ ಭಾವನ ಕಡೆ ತಿರುಗಿ, "ಹೆಗಲು ಹೆಪ್ಪುಗಟ್ಟಿದೆ" ಎಂದರು.

ನೋಡು ಮತ್ತೆ! ಹೆಪ್ಪುಗಟ್ಟಿದೆ! ನಾನು ಅವರಿಗೆ ಶೆಡ್ಡಿನ ವಿಷಯ, ಐಸಿನ ವಿಷಯ ಏನೂ ಹೇಳಿರಲೇ ಇಲ್ಲ. ಅವರೇ ಕಂಡುಹಿಡಿದರು. ಶೆಡ್ಡಿನಲ್ಲಿ ಇದನ್ನು ಹೇಳಿದಾಗ ಎಲ್ಲರೂ ಕೈಲಿದ್ದ ಸೀಗಡಿ ಬಿಟ್ಟು ತಮ್ಮ ತಮ್ಮ ಹೆಗಲು ಮುಟ್ಟಿ ನೋಡಿಕೊಂಡರು. ಮೂವರು ಮಾರನೆಯ ದಿನ ಕೆಲಸಕ್ಕೇ ಬರಲಿಲ್ಲ. ಶೆಡ್ಡಿನ ಯಜಮಾನ ನನ್ನನ್ನು ಕರೆದು, "ಬ್ರಿಜಿತ್ತಮ್ಮಾ, ನಿಮ್ಮ ಹೆಗಲನ್ನ ಮನೇಲೇ ಇಟ್ಕೊಳ್ಳಿ, ಇಲ್ಲಿ ಪ್ರಚಾರ ಮಾಡ್ಬೇಡಿ" ಎಂದ.

ಹೆಪ್ಪುಗಟ್ಟಿದ್ದನ್ನು ಕರಗಿಸಬೇಕಲ್ಲ. ಮರಳು ಹುರಿದು ಬಟ್ಟೆಯಲ್ಲಿ ಕಟ್ಟಿ ಹೆಗಲ ಮೇಲೆ ಇಟ್ಟುಕೊಂಡು ಕೂತೆ. ಚರ್ಮ ಬೆಂದಿತು. ನೋವು ಹಾಗೇ ಇದೆ. ಕರಗಿದ ನೀರು ಕೆಳಗೆ ಇಳಿಯುತ್ತಿದೆಯೋ ಏನೋ, ಈಗ ತೊಡೆಯದೇ ಜೋರು. ಬೆಳಿಗ್ಗೆ ಮಂಚದಿಂದ ಏಳಲು ನಿನ್ನ ಭಾವ ಕೈಕೊಡಬೇಕು. ಆದರೆ ಚಿಂತೆ ಮಾಡಬೇಡ.

ಮಗು ಎಣ್ಣೆ ಹಚ್ಚಿದ ಮೇಲೆ ಎಷ್ಟು ಜಾರುತ್ತದೆ ಎಂದು ನಿನಗೆ ಗೊತ್ತೇ? ನಿನಗೆ ಹೇಗೆ ಗೊತ್ತಿರುತ್ತದೆ. ಬಲೆಗೆ ಬಿದ್ದ ಮೀನಿನ ಹಾಗೆ. ನಾನು ಅದನ್ನೇ ಯೋಚಿಸುತ್ತೇನೆ, ಬೇರೇನೂ ಇಲ್ಲ.

ಚೇಚಿ


ಚೆಲ್ಲಾನಂ
14 ಸೆಪ್ಟೆಂಬರ್ 1997

ಜಸಿಂತಾ,

ನಿನ್ನ ಉತ್ತರ ಬರುವ ಮೊದಲೇ ಇದನ್ನು ಬರೆಯುತ್ತಿದ್ದೇನೆ. ಜೆರೋಮ್ ಮಾತಿನಂತೆ ನರದ ಡಾಕ್ಟರಿಗೂ ತೋರಿಸಿ ಆಯಿತು. ಏನಾಯಿತು ಎಂದು ಯಾರಿಗೂ ಹೇಳಬೇಡ.

ಎರ್ನಾಕುಳಂನಲ್ಲಿ ನರದ ಡಾಕ್ಟರ್ ಯಾರು ಎಂದು ನಿನ್ನ ಭಾವ ದೋಣಿಕಟ್ಟೆಯಲ್ಲಿ ವಿಚಾರಿಸಿದರು. ಯಾರೋ ಒಂದು ಹೆಸರು ಕೊಟ್ಟರು. ಹೋದೆವು. ಒಳಗೆ ಕರೆದ ತಕ್ಷಣ ಡಾಕ್ಟರು, "ಸೀರೆ ಮೊಣಕಾಲ ತನಕ ಎತ್ತಿ ನಿಂತ್ಕೊಳ್ಳಿ" ಎಂದರು. ಕಾಲಿನ ಹಿಂದೆ ಮುಂದೆ ಎಲ್ಲ ನೋಡಿ, "ನರ ಚೆನ್ನಾಗೇ ಇದೆಯಲ್ಲಮ್ಮ. ಎಲ್ಲಿ ಊದಿಕೊಂಡಿದೆ?" ಎಂದರು. ಊದಿಲ್ಲ, ನೋವು ಎಂದೆ. "ಎಲ್ಲಿ ನೋವು?" ತೊಡೆ ತೋರಿಸಿದೆ. ಆಮೇಲೆ ಗೊತ್ತಾಯಿತು. ಅವರು ಕಾಲಿನಲ್ಲಿ ಹಸುರಾಗಿ ಗಂಟುಗಟ್ಟುತ್ತದಲ್ಲ, ಆ ರಕ್ತ ಹರಿಯುವ ನರದ ಡಾಕ್ಟರು. ಜೆರೋಮ್ ಹೇಳಿದ್ದು ತಲೆಯಿಂದ ಬರುವ ನರ. ನಮಗೆ ಎರಡೂ ನರವೇ. ನರಕ್ಕೆ ಎರಡು ಹೆಸರು ಇಡಬಾರದಿತ್ತೇ?

ಡಾಕ್ಟರು ಒಳ್ಳೆಯವರು, ನಗಲಿಲ್ಲ. ನಿನ್ನ ಭಾವ ಬಸ್ಸಿನಲ್ಲಿ ಅರೂರು ದಾಟುವ ತನಕ ನಕ್ಕರು. "ಹೋಗ್ಲಿ ಬಿಡೇ, ನಿನ್ನ ಕಾಲು ಚೆನ್ನಾಗಿದೆ ಅಂತ ದೊಡ್ಡ ಡಾಕ್ಟ್ರ ಬಾಯಲ್ಲೇ ಕೇಳಿದ ಹಾಗಾಯ್ತು" ಎಂದರು. ನಾನೂ ನಕ್ಕೆ. ಮನೆಗೆ ಬಂದು ಅತ್ತೆ. ಅಳಲು ಕಾರಣ ಏನಿಲ್ಲ.

ಇನ್ನೂ ಯಾವ ಯಾವ ಡಾಕ್ಟರಿದ್ದಾರೆ? ಕಿವಿಗೊಬ್ಬ, ಮೂಗಿಗೊಬ್ಬ ಇದ್ದಾನಂತೆ. ಇಡೀ ಮೈ ನೋಯುವವಳಿಗೆ ಯಾರೂ ಇಲ್ಲ.

ಚೇಚಿ


ವೆರಾವಳ
28 ಸೆಪ್ಟೆಂಬರ್ 1997

ನನ್ನ ಚೇಚಿ,

ಎರಡೂ ಪತ್ರ ಒಟ್ಟಿಗೆ ಬಂದವು. ಹೆಪ್ಪುಗಟ್ಟಿದ ಹೆಗಲನ್ನು ಓದಿ ನಾನು ನಕ್ಕ ರೀತಿಗೆ ಇಲ್ಲಿನ ಕಾವಲುಗಾರ ಓಡಿ ಬಂದ. ಹಾಗೆಂದರೆ ಕೀಲು ಬಿಗಿದುಕೊಂಡಿದೆ ಎಂದು ಅರ್ಥ, ಮಾರಾಯ್ತಿ. ಐಸೂ ಇಲ್ಲ, ಕರಗುವುದೂ ಇಲ್ಲ. ಮರಳು ಹುರಿಯುವುದನ್ನು ಇವತ್ತೇ ನಿಲ್ಲಿಸು.

ಆದರೆ ಕೊನೆಗೆ "ಅಳಲು ಕಾರಣ ಏನಿಲ್ಲ" ಎಂದು ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ನಗು ನಿಂತಿತು.

ಒಂದು ಮಾತು ಹೇಳುತ್ತೇನೆ, ಕೋಪ ಮಾಡಿಕೊಳ್ಳಬಾರದು. ಮೂಳೆಯಲ್ಲಿ ಏನಿಲ್ಲ, ನರದಲ್ಲಿ ಏನಿಲ್ಲ. ಮೆಟಿಲ್ಡ ಬಸುರಾಗಲೆಂದು ಐದು ವರ್ಷ ನೀನು ಎಷ್ಟು ಹರಕೆ ಹೊತ್ತೆ, ಎಷ್ಟು ಉಪವಾಸ ಮಾಡಿದೆ. ಈಗ ಮಗು ಬರುತ್ತದೆ ಎಂದಾಗ ಮಗು ಜಾರುತ್ತದೆ ಎನ್ನುತ್ತೀಯ. ಕೆಲವೊಮ್ಮೆ ಮನಸ್ಸು ಹೊರಲಾರದ್ದನ್ನು ಮೈ ಹೊರುತ್ತದೆ. ಅದಕ್ಕೂ ಡಾಕ್ಟರಿದ್ದಾರೆ. ಹುಚ್ಚಿಗೆ ಮಾತ್ರ ಅಲ್ಲ. ಎರ್ನಾಕುಳಂನಲ್ಲೇ ಒಳ್ಳೆಯವರಿದ್ದಾರೆ ಎಂದು ಕೇಳಿದ್ದೇನೆ. ಒಮ್ಮೆ ಹೋಗಿ ಬರುತ್ತೀಯಾ? ನನಗಾಗಿ?

ಜಸಿಂತ


ಚೆಲ್ಲಾನಂ
8 ಅಕ್ಟೋಬರ್ 1997

ಜಸಿಂತಳಿಗೆ,

ಪತ್ರ ಬಂತು. ನಾವು ಕ್ಷೇಮ. ಭಾನುವಾರ ಮೆಟಿಲ್ಡಳನ್ನು ಕರೆತರಲು ಹೋಗುತ್ತೇವೆ. ನನಗೆ ಹುಚ್ಚಿಲ್ಲ. ನೋವೂ ಇಲ್ಲ ಎಂದುಕೋ.

ಬ್ರಿಜಿತ್ತ


ವೆರಾವಳ
2 ನವೆಂಬರ್ 1997

ಚೇಚಿ,

ಮೂರು ಸಾಲಿನ ಪತ್ರ ನೀನು ಹುಟ್ಟಿದಂದಿನಿಂದ ಬರೆದವಳಲ್ಲ. ಅದಕ್ಕೆ ಉತ್ತರ ಬರೆದೆ, ನೀನು ಬರೆಯಲಿಲ್ಲ. ಇನ್ನೊಂದು ಬರೆದೆ, ಅದಕ್ಕೂ ಇಲ್ಲ. ಇವತ್ತು ಸತ್ತವರ ಹಬ್ಬ. ಇಲ್ಲಿನ ಚಿಕ್ಕ ಚರ್ಚಿನಲ್ಲಿ ಅಮ್ಮಚ್ಚಿಗೆ ಮೇಣದ ಬತ್ತಿ ಹಚ್ಚಿ ಬಂದು ಕೂತಿದ್ದೇನೆ. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ.

ಅಮ್ಮಚ್ಚಿಯ ಮೊದಲ ವರ್ಷದ ಪೂಜೆಗೆ ನಾನು ಬರಲಿಲ್ಲ. ಸೀಗಡಿ ಜೋರಾಗಿದೆ, ರಜೆ ಸಿಗಲಿಲ್ಲ ಎಂದು ಬರೆದೆ. ಊರಿನ ಎದುರು ನಿನಗೆ ಅವಮಾನವಾಯಿತು ಎಂದು ಗೊತ್ತು. ಸೀಗಡಿ ಇರಲಿಲ್ಲ ಚೇಚಿ. ನನಗೆ ಮಂಚದಿಂದ ಏಳಲು ಆಗುತ್ತಿರಲಿಲ್ಲ. ಬೆನ್ನು ನೋವು, ತಲೆ ನೋವು, ಎದೆ ನೋವು. ಊಟ ಸೇರುತ್ತಿರಲಿಲ್ಲ. ಇಲ್ಲಿ ಮೂವರು ಡಾಕ್ಟರು ನೋಡಿ ಏನೂ ಇಲ್ಲ ಎಂದರು. ಕೊನೆಗೆ ರಾಜ್‌ಕೋಟ್‌ನಲ್ಲಿ ಒಬ್ಬ ಮುದುಕ ಡಾಕ್ಟರು, ಮನಸ್ಸಿನ ಡಾಕ್ಟರು, ಒಂದೇ ಪ್ರಶ್ನೆ ಕೇಳಿದರು, "ಯಾರು ಹೋದರು?" ಎಂದು. ನಾನು ಅಲ್ಲೇ ಕೂತು ಮಧ್ಯಾಹ್ನದ ತನಕ ಅತ್ತೆ. ಒಂದು ವರ್ಷ ಮಾತ್ರೆ ತಗೊಂಡೆ. ಸರಿಹೋಯಿತು. ಇಲ್ಲಿ ಯಾರಿಗೂ ಹೇಳಿಲ್ಲ, ನಿನಗೂ ಹೇಳಲಿಲ್ಲ. ನಾಚಿಕೆ ಅಲ್ಲ. ನಿನಗೆ ಗೊತ್ತಾದರೆ ನೀನು ರೈಲು ಹತ್ತಿ ಬಂದುಬಿಡುತ್ತೀಯ ಎಂಬ ಭಯ.

ಅದಕ್ಕೇ ನಿನ್ನ ಪತ್ರ ಓದಿದಾಗ ನನಗೆ ನನ್ನ ನೋವೇ ಕಂಡಿತು. ನಿನ್ನದು ನನ್ನದೇ ಎಂದುಕೊಂಡೆ. ಆದರೆ ಈಗ ನಿನ್ನ ಪತ್ರಗಳನ್ನೆಲ್ಲ ಮತ್ತೆ ಓದಿದೆ. ನೀನು ಊಟ ಸೇರುವುದಿಲ್ಲ ಎಂದು ಎಲ್ಲೂ ಬರೆದಿಲ್ಲ. ಬಸ್ಸಿನಲ್ಲಿ ನಗುತ್ತೀಯ. ನನ್ನ ಒಂದು ಮಾತಿಗೆ ಉರಿದು ಬೀಳುತ್ತೀಯ. ನಾನು ಆಗ ನಗುತ್ತಿರಲಿಲ್ಲ, ಉರಿಯುತ್ತಲೂ ಇರಲಿಲ್ಲ. ಇದು ಬೇರೆಯೇ ಏನೋ.

ಚೇಚಿ, ಒಂದು ಕೇಳುತ್ತೇನೆ. ಡಾಕ್ಟರ ಮುಂದೆ ಹೇಳುವ ಭಾಷೆಯಲ್ಲಿ ಬೇಡ, ಅಮ್ಮಚ್ಚಿಯ ಭಾಷೆಯಲ್ಲಿ ಹೇಳು. ಅಮ್ಮಚ್ಚಿಗೆ ಮೈಯ ಕಷ್ಟ ಎಲ್ಲವೂ "ನೋವು" ಆಗಿರಲಿಲ್ಲ. ಮುಳ್ಳು ಚುಚ್ಚಿದರೆ ನೋವು. ಹಲ್ಲು ಇರಿದ ಹಾಗೆ ಎಳೆದರೆ ಕುತ್ತು. ದಿನವಿಡೀ ಕೂತು ಸುಲಿದು ಬಂದಾಗ ಕೈಕಾಲು ಹಿಂಡಿ ಹಿಪ್ಪೆಯಾದದ್ದು ಇನ್ನೇನೋ. ನಿನ್ನದು ಇದರಲ್ಲಿ ಯಾವುದು?

ಉತ್ತರ ಬರೆಯದಿದ್ದರೆ ನಾನೇ ರೈಲು ಹತ್ತುತ್ತೇನೆ.

ನಿನ್ನ ಜಸಿಂತ


ಚೆಲ್ಲಾನಂ
13 ನವೆಂಬರ್ 1997

ನನ್ನ ಮಗುವೇ,

ರಾಜ್‌ಕೋಟ್‌ಗೆ ಒಬ್ಬಳೇ ಹೋದೆಯಾ? ಯಾವ ಸೀರೆ ಉಟ್ಟು ಹೋದೆ? ಅತ್ತ ಮೇಲೆ ಯಾರು ನೀರು ಕೊಟ್ಟರು? ಎರಡು ದಿನ ಇದೇ ಯೋಚನೆ. ಮನಸ್ಸಿನ ಡಾಕ್ಟರ ಮೇಲಿನ ಕೋಪ ಹೋಯಿತು. ನಿನ್ನ ಮೇಲಿನದು ಹೋಗಿಲ್ಲ, ಈಗ ಜಾಸ್ತಿಯಾಗಿದೆ. ಪೂಜೆಯ ದಿನ ಊರೆಲ್ಲ ಕೇಳಿದಾಗ ನಾನು, "ಅವಳಿಗೆ ದುಡಿಮೆಯೇ ದೇವರು" ಎಂದುಬಿಟ್ಟೆ. ಆ ಮಾತನ್ನು ವಾಪಸು ತಗೊಳ್ಳಲು ಯಾರ ಹತ್ತಿರ ಹೋಗಲಿ?

ನೀನು ಕೇಳಿದ್ದಕ್ಕೆ ಉತ್ತರ. ನನ್ನದು ಕಳಪ್ಪು. ಅಮ್ಮಚ್ಚಿ ಹೇಳುತ್ತಿದ್ದ ಅದೇ ಕಳಪ್ಪು. ಒಳಗಿನಿಂದ ಮಾಂಸವನ್ನು ಯಾರೋ ಹಿಂಡಿ ಹಿಂಡಿ ಬಿಟ್ಟ ಹಾಗೆ. ಒಂದು ಜಾಗ ಅಂತ ಇಲ್ಲ.

ಈಗ ನಾನೂ ಒಂದು ಹೇಳಬೇಕು. ಮೊದಲ ದಿನ ದೊಡ್ಡ ಆಸ್ಪತ್ರೆಯ ಕಿಟಕಿಯಿಂದ ವಾಪಸು ಬಂದೆ ಎಂದು ಬರೆದಿದ್ದೆನಲ್ಲ. ಜನ ಜಾಸ್ತಿ ಇರಲಿಲ್ಲ. ಚೀಟಿ ಬರೆಯುವವನು, "ಏನಮ್ಮಾ ತೊಂದ್ರೆ?" ಎಂದು ಕೇಳಿದ. ನಾನು, "ಮೈಯೆಲ್ಲ ಕಳಪ್ಪು ಮಗಾ, ತಡ್ಕೊಳ್ಳೋಕಾಗ್ತಿಲ್ಲ" ಎಂದೆ. ಅವನು ಪೆನ್ನು ಕೆಳಗಿಟ್ಟ. ಪಕ್ಕದವನನ್ನು ನೋಡಿದ. ಆ ಪಕ್ಕದವನು, "ಈ ವಯಸ್ಸಲ್ಲೂನಾ ಅಮ್ಮಚ್ಚೀ? ಅದಕ್ಕೆ ಇಲ್ಲಿ ಮದ್ದಿಲ್ಲ, ಮನೇಲಿ ನಿಮ್ಮ ಗಂಡನ್ನ ಕೇಳಿ" ಎಂದ. ಸಾಲಿನಲ್ಲಿದ್ದ ಹುಡುಗರೆಲ್ಲ ನಕ್ಕರು. ಏಕೆ ಎಂದು ನನಗೆ ತಿಳಿಯಲೇ ಇಲ್ಲ. ಆದರೆ ಅದು ಯಾವ ಜಾತಿಯ ನಗು ಎಂದು ಹೆಂಗಸಿಗೆ ಗೊತ್ತಾಗುತ್ತದೆ. ಹೊರಟು ಬಂದೆ. ಫಿಲೋಮಿಗೆ ಹೇಳಿದರೆ ಅವಳು ತಲೆಯ ಮೇಲೆ ಕೈ ಹೊತ್ತು, "ಅಯ್ಯೋ ಪೆದ್ದೀ! ಈಗಿನ ಹುಡುಗರ ಬಾಯಲ್ಲಿ ಅದಕ್ಕೆ ತೀಟೆ ಅಂತ ಅರ್ಥ ಕಣೇ. ಗಂಡಸಿನ ತೀಟೆ, ಹೆಂಗಸಿನ ತೀಟೆ. ನೀನು ಸಾಲಲ್ಲಿ ನಿಂತು ಕೂಗಿ ಹೇಳಿದ್ಯಾ?" ಎಂದಳು.

ಅಮ್ಮಚ್ಚಿ ದಿನಾ ಸಂಜೆ ಜಗಲಿಯಲ್ಲಿ ಕೂತು ಪಾದ್ರಿಯ ಎದುರಿಗೂ ಹೇಳುತ್ತಿದ್ದ ಮಾತು ಅದು. ಅದನ್ನೂ ಕೆಡಿಸಿಬಿಟ್ಟರು. ಆಮೇಲೆ ನಾನು ಆ ಮಾತೇ ಎತ್ತಲಿಲ್ಲ. ಎಲ್ಲ ಕಡೆ ನೋವು, ನೋವು ಎಂದೆ. ನೋವು ಎಂದರೆ ಅವರು "ಎಲ್ಲಿ?" ಎನ್ನುತ್ತಾರೆ. ಎಲ್ಲಿ ಎಂದರೆ ಏನಾದರೂ ತೋರಿಸಬೇಕಲ್ಲ, ಹತ್ತಿರ ಇದ್ದದ್ದನ್ನು ತೋರಿಸಿದೆ. ಹೆಗಲು ತೋರಿಸಿದವಳಿಗೆ ಹೆಗಲಿನ ಮದ್ದು, ಕಾಲು ತೋರಿಸಿದವಳಿಗೆ ಕಾಲಿನ ಮದ್ದು.

ಮೆಟಿಲ್ಡ ಬಂದಿದ್ದಾಳೆ. ಅವಳಿಗೆ ಗೊತ್ತಾಗಬಾರದೆಂದು ಅವಳು ಮಲಗಿದ ಮೇಲೆ ಏಳುತ್ತಿದ್ದೆ, ಕೂರುತ್ತಿದ್ದೆ. ನಿನ್ನೆ ಊಟದ ಹೊತ್ತಿಗೆ ಅವಳು ನನ್ನ ತಟ್ಟೆ ಎಳೆದುಕೊಂಡಳು. "ಅಮ್ಮಚ್ಚೀ, ನೀವು ಅನ್ನವನ್ನ ಬಾಯಿಗೆ ತರ್ತಿಲ್ಲ, ಬಾಯನ್ನ ಅನ್ನದ ಹತ್ರ ಒಯ್ತಿದ್ದೀರ. ನಾನು ಬಂದ ದಿನದಿಂದ ನೋಡ್ತಿದ್ದೀನಿ. ನಾನೇನು ಕುರುಡಿಯಾ?" ಎಂದಳು. ಮೀನು ಕಲಸಿದ ಅನ್ನ ತಾನೇ ತಿನ್ನಿಸಿದಳು. ಏಳು ತಿಂಗಳ ಬಸುರಿಯ ಕೈಯಲ್ಲಿ ತುತ್ತು ತಿನ್ನುವ ತಾಯಿ ನಾನು. "ನನಗೆ ಮಗು ಎರೆಯೋಕೆ ಆಗಲ್ಲ ಕಣೇ" ಎಂದು ಬಾಯಿಬಿಟ್ಟು ಹೇಳಿದೆ. ಅವಳು, "ಹಾಗಾದ್ರೆ ಕೊಲ್ಲಂಗೆ ವಾಪಸ್ ಹೋಗ್ತೀನಿ, ಅತ್ತೆ ಎರೀತಾರೆ" ಎಂದಳು. ಹೆದರಿಸಲು ಹೇಳಿದಳೋ, ನಿಜವೋ ಗೊತ್ತಾಗಲಿಲ್ಲ. ಇವತ್ತು ಅವಳ ಚೀಲದಲ್ಲಿ ಬಟ್ಟೆ ಮಡಚಿ ಇಟ್ಟದ್ದು ಕಂಡೆ.

ಹೇಳು ಜಸಿಂತಾ. ಕಳಪ್ಪಿಗೆ ಯಾವ ಡಾಕ್ಟರು?

ಚೇಚಿ


ವೆರಾವಳ
22 ನವೆಂಬರ್ 1997

ಚೇಚಿ,

ಬುಟ್ಟಿ ಸೀಗಡಿ ಬಂದಾಗ ನಾನು ಏನು ಮಾಡುತ್ತೇನೆ ಗೊತ್ತೇ? ಒಂದೊಂದನ್ನೇ ಎತ್ತಿ ಮೂಸುವುದಿಲ್ಲ. ಬುಟ್ಟಿಯ ಮೇಲೆ ಬಗ್ಗಿ ಒಟ್ಟಿಗೆ ಒಂದು ಉಸಿರು ಎಳೆಯುತ್ತೇನೆ. ನಿನ್ನನ್ನು ಇಲ್ಲಿಯ ತನಕ ಎಲ್ಲರೂ ಒಂದೊಂದು ಸೀಗಡಿಯಾಗಿ ನೋಡಿದ್ದಾರೆ, ನೀನೇ ಹಾಗೆ ತೋರಿಸಿದ್ದೀಯ. ಇಡೀ ಬುಟ್ಟಿ ನೋಡುವವರ ಹತ್ತಿರ ಹೋಗು. ದೊಡ್ಡ ಆಸ್ಪತ್ರೆಯಲ್ಲಿ ಜನರಲ್ ಎಂದು ಬೋರ್ಡು ಇರುತ್ತದೆ. ಹೆಂಗಸು ಡಾಕ್ಟರಿದ್ದರೆ ಕೇಳಿ ಹೋಗು. ಮೆಟಿಲ್ಡಳನ್ನು ಕರೆದುಕೊಂಡು ಹೋಗು. ಆ ಕಿಟಕಿಯವನು ನಕ್ಕರೆ ಅವಳ ಹೊಟ್ಟೆ ಮುಂದೆ ಮಾಡಿ ನಿಲ್ಲಲಿ.

ಜನರಲ್ ಎಂದರೆ ಯಾವುದೂ ಗೊತ್ತಿಲ್ಲದವನು ಎಂದು ನೀನು ಹೇಳುತ್ತೀಯ, ನನಗೆ ಗೊತ್ತು. ಹೇಳಬೇಡ.

ಒಳಗೆ ಕೂತ ಮೇಲೆ ಆ ಮಾತೇ ಹೇಳು. ನಾಚಬೇಡ. ಅದು ಅಮ್ಮಚ್ಚಿಯ ಮಾತು, ಅವರದಲ್ಲ.

ಜಸಿಂತ


ಚೆಲ್ಲಾನಂ
14 ಡಿಸೆಂಬರ್ 1997

ಜಸಿಂತಾ,

ಜನರಲ್ ಎಂದರೆ ಯಾವ ಪರೀಕ್ಷೆಯಲ್ಲೂ ಗೆಲ್ಲದೆ ಉಳಿದವರು ಎಂದೇ ನಾನು ತಿಳಿದಿದ್ದೆ. ಅದನ್ನು ಮೊದಲೇ ಹೇಳಬೇಡ ಎಂದು ನೀನು ಬರೆದದ್ದನ್ನು ಮೆಟಿಲ್ಡ ಜೋರಾಗಿ ಓದಿ ನಕ್ಕಳು.

ಹೋದೆವು. ಕಿಟಕಿಯಲ್ಲಿ ಬೇರೆ ಹುಡುಗನಿದ್ದ. ಒಳಗೆ ಹೈಮವತಿ ಎಂಬ ಡಾಕ್ಟರಮ್ಮ, ನನಗಿಂತ ಸ್ವಲ್ಪ ದೊಡ್ಡವರಿರಬೇಕು. "ಎಲ್ಲಿ ನೋವು?" ಎಂದರು. ನಾನು ಮೆಟಿಲ್ಡಳನ್ನು ಹೊರಗೆ ನಿಲ್ಲಿಸಿ ಬಾಗಿಲು ಸರಿಸಿ ಬಂದು ಹೇಳಿದೆ, "ಡಾಕ್ಟ್ರಮ್ಮಾ, ನೋವಲ್ಲ. ಮೈಯೆಲ್ಲ ಕಳಪ್ಪು. ತಪ್ಪು ತಿಳ್ಕೋಬೇಡಿ, ಹಳೇ ಕಾಲದ ಕಳಪ್ಪು."

ಅವರು ನಗಲಿಲ್ಲ ಎಂದರೆ ಸುಳ್ಳು, ಸ್ವಲ್ಪ ನಕ್ಕರು. "ನಮ್ಮಜ್ಜೀನೂ ಹಾಗೇ ಅನ್ನೋರು" ಎಂದರು. ಆಮೇಲೆ ಕುರ್ಚಿ ಹತ್ತಿರ ಎಳೆದುಕೊಂಡು, "ನಿಮ್ಮ ಅಮ್ಮನಿಗೆ ಕಳಪ್ಪು ಯಾವಾಗ ಬರ್ತಿತ್ತು?" ಎಂದು ಕೇಳಿದರು. ಸಂಜೆ, ಕೆಲಸ ಮುಗಿಸಿ ಬಂದಾಗ ಎಂದೆ. "ನಿಮಗೆ?" ಬೆಳಿಗ್ಗೆ, ಎದ್ದ ಕೂಡಲೇ ಎಂದೆ. "ಮಲಗಿ ಎದ್ದವರಿಗೆ ದುಡಿದವರ ಕಳಪ್ಪು ಯಾಕೆ ಬರಬೇಕು?" ಎಂದರು. ನನ್ನನ್ನು ಕೇಳಿದ ಹಾಗಿರಲಿಲ್ಲ, ತಮ್ಮನ್ನೇ ಕೇಳಿಕೊಂಡ ಹಾಗಿತ್ತು. ಎರಡೂ ಕೈ ಎತ್ತಲು ಹೇಳಿದರು. ಕಿವಿಯ ತನಕವೂ ಹೋಗಲಿಲ್ಲ. ಕೈ ಊರದೆ ಕುರ್ಚಿಯಿಂದ ಏಳಲು ಹೇಳಿದರು. ಏಳಲಾಗಲಿಲ್ಲ. ತಲೆನೋವು ಇದೆಯಾ, ಕಣ್ಣು ಮಂಜಾಗುತ್ತಾ ಎಂದೆಲ್ಲ ಕೇಳಿದರು. ಇಲ್ಲ. ರಕ್ತ ತೆಗೆಸಿ ಕೊಳವೆಯಲ್ಲಿ ನಿಲ್ಲಿಸಿ ಎಷ್ಟು ಬೇಗ ತಳಕ್ಕೆ ಕೂರುತ್ತದೆ ಎಂದು ನೋಡಿಸಿದರು. ನನ್ನದು ಕಲ್ಲಿನ ಹಾಗೆ ಕೂತಿತಂತೆ.

ಕೊನೆಗೆ ಅವರು ಏನು ಮಾಡಿದರು ಎಂದುಕೊಂಡೆ? ಇನ್ನೊಬ್ಬ ಡಾಕ್ಟರ ಹೆಸರು ಬರೆದುಕೊಟ್ಟರು! ಒಬ್ಬ ಡಾಕ್ಟರನ್ನು ಹುಡುಕಿ ಹೋದರೆ ಇನ್ನೊಬ್ಬ. ನನಗೆ ಕಣ್ಣಲ್ಲಿ ನೀರು ಬಂತು. ಅವರು, "ಬ್ರಿಜಿತ್ತಾ, ನೀವು ಹುಡುಕ್ತಿದ್ದ ಡಾಕ್ಟರು ಇವರೇ. ಹಾಗೆ ಒಬ್ಬರಿದ್ದಾರೆ ಅಂತ ಯಾರೂ ನಿಮಗೆ ಹೇಳಿರಲಿಲ್ಲ ಅಷ್ಟೇ" ಎಂದರು. ಅವರು ವಾತದ ಡಾಕ್ಟರು. ಎಣ್ಣೆ ತಿಕ್ಕುವವರಲ್ಲ, ಇಂಗ್ಲಿಷ್ ವೈದ್ಯದ ವಾತದವರು. ಫಿಲೋಮಿಗೆ ಹೇಳಿದರೆ, "ವಾತ ಅಂತ ನಾನು ಮೊದ್ಲೇ ಬಡ್ಕೊಂಡಿರ್ಲಿಲ್ವಾ?" ಎಂದಳು. ಅವಳು ಹೇಳಿದ್ದು ನೀರಿಳಿತ. ಯಾರು ವಾದ ಮಾಡುತ್ತಾರೆ.

ಆ ಡಾಕ್ಟರು ಹೇಳಿದ್ದು: ಐವತ್ತು ದಾಟಿದವರಿಗೆ ಹೆಗಲು, ಸೊಂಟದ ಸುತ್ತ ಹೀಗೆ ಉರಿ ಹತ್ತುವ ಒಂದು ಕಾಯಿಲೆ ಇದೆ. ನಮ್ಮ ಕಡೆ ಅಪರೂಪ. ಐಸಿನಿಂದಲ್ಲ, ಹುಚ್ಚಿನಿಂದಲ್ಲ, ಹರಕೆ ತಪ್ಪಿದ್ದಕ್ಕಲ್ಲ. ಚಿಕ್ಕ ಮಾತ್ರೆ ಕೊಟ್ಟರು. ತಿಂಗಳುಗಟ್ಟಲೆ ತಗೊಳ್ಳಬೇಕು, ನಾನಾಗಿ ನಿಲ್ಲಿಸಬಾರದು. ತಲೆನೋವು ಬಂದರೆ, ಕಣ್ಣು ಮಂಜಾದರೆ ಆ ಕ್ಷಣ ಓಡಿ ಬರಬೇಕು ಎಂದರು. ಅಂದಿನಿಂದ ದಿನವೂ ಕಿಟಕಿಯ ಆಚೆಯ ತೆಂಗಿನ ಗರಿ ಎಣಿಸಿ ಕಣ್ಣು ಪರೀಕ್ಷಿಸುತ್ತೇನೆ.

ಈ ಮಾತ್ರೆ ತಿಂದರೆ ಮುಖ ಹಪ್ಪಳದ ಹಾಗೆ ಉಬ್ಬುತ್ತದೆ ಎಂದು ಶೆಡ್ಡಿನಲ್ಲಿ ಯಾರೋ ಹೇಳಿದರು. ಹೆದರಿ ಡಬ್ಬಿಯಲ್ಲಿಟ್ಟೆ. ಮೆಟಿಲ್ಡ ಡಬ್ಬಿ ತೆಗೆದು ಎದುರು ನಿಂತು, "ನನ್ನ ಮಗೂಗೆ ಹಪ್ಪಳದಂಥ ಅಜ್ಜಿ ಆದ್ರೂ ನಡೆಯುತ್ತೆ. ಬಾಯಿ ತೆಗೀರಿ" ಎಂದಳು.

ಮೂರನೆಯ ಬೆಳಿಗ್ಗೆ ಮೆಣಸಿನ ಡಬ್ಬಿ ತೆಗೆದು ಸಾರಿಗೆ ಹಾಕಿದೆ. ಹಾಕಿದ ಮೇಲೆ ನೆನಪಾಯಿತು, ಅದು ಇರುವುದು ಮೇಲಿನ ಹಲಗೆಯಲ್ಲಿ. ನಾನೇ ತೆಗೆದಿದ್ದೆ. ನಿನ್ನ ಭಾವನನ್ನು ಕರೆದು ಮತ್ತೆ ಇಟ್ಟು ಮತ್ತೆ ತೆಗೆದು ತೋರಿಸಿದೆ. ಅವರು, "ಸರಿ ಸರಿ, ಸಾರು ಸೀಯ್ತಿದೆ" ಎಂದು ಹೇಳಿ ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಕಣ್ಣು ಕೆಂಪಾಗಿತ್ತು. ಮೆಣಸು ಎಂದರು.

ಈಗ ಬೇರೆ ಚಿಂತೆ. ಇಷ್ಟು ಬೇಗ ಹೋದದ್ದು ಅಷ್ಟೇ ಬೇಗ ಬರುವುದಿಲ್ಲವೇ? ಮಗುವನ್ನು ಕೈಯಲ್ಲಿ ಹಿಡಿದಾಗಲೇ ಬಂದರೆ?

ಮೆಟಿಲ್ಡಳ ಬಟ್ಟೆ ಇನ್ನೂ ಚೀಲದಲ್ಲೇ ಇದೆ. ನಾನು ಕೇಳಿಲ್ಲ.

ಚೇಚಿ


ವೆರಾವಳ
24 ಡಿಸೆಂಬರ್ 1997

ಚೇಚಿ,

ಕೇಳು. ಕೇಳದೆ ಚೀಲ ನೋಡುತ್ತಾ ಕೂರುವುದು ನಮ್ಮ ಮನೆತನದ ಕಾಯಿಲೆ. ಅದಕ್ಕೆ ಯಾವ ಡಾಕ್ಟರೂ ಇಲ್ಲ.

ನಾಮಕರಣದ ದಿನ ಗೊತ್ತುಮಾಡಿದ ತಕ್ಷಣ ತಂತಿ ಕೊಡು. ರಜೆಗೆ ಬರೆದುಕೊಟ್ಟಾಗಿದೆ. "ನೋಡೋಣ" ಅಲ್ಲ, ಬರುತ್ತೇನೆ.

ಜಸಿಂತ


ಚೆಲ್ಲಾನಂ
18 ಜನವರಿ 1998

ನನ್ನ ಜಸಿಂತಾ,

ಹೆಣ್ಣುಮಗು. ಬುಧವಾರ ಬೆಳಿಗ್ಗೆ. ತಾಯಿ ಮಗು ಚೆನ್ನಾಗಿದ್ದಾರೆ. ತಂತಿಯಲ್ಲಿ ಇಷ್ಟೇ ಹೇಳಲಾಯಿತು, ಉಳಿದದ್ದು ಇಲ್ಲಿ.

ನಿನ್ನ ಮಾತಿನಂತೆ ಚೀಲದ ವಿಷಯ ಕೇಳಿದೆ. "ಆಸ್ಪತ್ರೆಗೆ ಹೋಗೋ ಬಟ್ಟೆ ಅದು! ನೋವು ಶುರುವಾದ ಮೇಲೆ ಮಡಚೋಕಾಗುತ್ತಾ? ಇಷ್ಟು ದಿನ ಕೊಲ್ಲಂಗೆ ಹೋಗ್ತೀನಿ ಅಂದ್ಕೊಂಡ್ರಾ?" ಎಂದಳು. ಎರಡು ತಿಂಗಳು ಆ ಚೀಲದ ಮುಂದೆ ನಾನು ಸತ್ತು ಬದುಕಿದ್ದೆ.

ನಿನ್ನೆ ಮನೆಗೆ ಬಂದರು. ಇವತ್ತು ಮೊದಲ ಸ್ನಾನ. ಬೆಳಿಗ್ಗೆ ಎದ್ದು ಮಾತ್ರೆ ತಗೊಂಡೆ, ಕೈ ಎತ್ತಿ ನೋಡಿದೆ, ಮತ್ತೆ ಎತ್ತಿ ನೋಡಿದೆ. ಫಿಲೋಮಿಯನ್ನು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡೆ, ನನ್ನ ಕೈ ಸೋತರೆ ಅವಳು ಹಿಡಿಯಲಿ ಎಂದು. ನಿನ್ನ ಭಾವ ಬಾಗಿಲಲ್ಲಿ ನಿಂತು, "ನಾನೂ ಬಲೆ ತರ್ಲಾ?" ಎಂದರು. ಫಿಲೋಮಿ, "ಗಂಡಸರಿಗೆ ಇಲ್ಲೇನು ಕೆಲ್ಸ, ನಡೀರಿ ಆಚೆ" ಎಂದು ಓಡಿಸಿದಳು. ಅವರು ಹೋಗಲಿಲ್ಲ, ಕಿಟಕಿಗೆ ಬಂದರು.

ಮಣೆಯ ಮೇಲೆ ಕೂತು ಕಾಲು ಚಾಚಿದೆ. ಮಗುವನ್ನು ಕಾಲ ಮೇಲೆ ಇಟ್ಟರು. ಎಣ್ಣೆ ಹಚ್ಚಿದೆ. ನಾನು ಹೇಳಿದ್ದು ಸುಳ್ಳಲ್ಲ ಜಸಿಂತಾ, ಬಹಳ ಜಾರುತ್ತದೆ. ಮೊದಲ ಚೊಂಬು ಬಿದ್ದಾಗ ಅವಳು ಕಿರುಚಿದ ಕಿರುಚಿಗೆ ನನ್ನ ಎದೆ ನಿಂತೇಹೋಯಿತು. ಆದರೆ ಕೈ ನಿಲ್ಲಲಿಲ್ಲ. ತಲೆ, ಕಿವಿಯ ಹಿಂದೆ, ಕಂಕುಳು, ಬೆರಳ ಸಂದು. ತಿರುಗಿಸಿ ಬೆನ್ನು. ಯಾರು ಹೇಳಿಕೊಟ್ಟರೋ, ಕೈಗೆ ಎಲ್ಲ ಗೊತ್ತಿತ್ತು. ಫಿಲೋಮಿ ಪಕ್ಕದಲ್ಲಿ ಸುಮ್ಮನೆ ಕೂತು, "ನನ್ನನ್ನ ಯಾಕೆ ಕರೆಸಿದ್ಯೇ? ಕಾಫಿಗಾ?" ಎಂದಳು.

ಒರೆಸಿ, ಬಟ್ಟೆ ಸುತ್ತಿ, ಎತ್ತಿದೆ. ಎದೆಯ ತನಕ ಅಲ್ಲ, ಮುಖದ ತನಕ ಎತ್ತಿದೆ. ಅವಳು ಕಣ್ಣು ಬಿಟ್ಟು ನೋಡಿದಳು.

ಮೆಟಿಲ್ಡ ಹಾಸಿಗೆಯಿಂದ, "ಅಮ್ಮಚ್ಚೀ, ಸಾಕು, ಮಲಗಿಸಿ. ಕೈ ಸೋಲುತ್ತೆ" ಎಂದಳು. "ಮಲಗಿಸ್ತೀನಿ" ಎಂದೆ. ನಿನ್ನ ಭಾವ ಕಿಟಕಿಯಿಂದ, "ಡಾಕ್ಟ್ರು ಏನು ಹೇಳಿದ್ರು? ಜಾಸ್ತಿ ಹೊತ್ತು ಎತ್ಕೋಬೇಡ" ಎಂದರು. ಅವರಿಗೂ "ಮಲಗಿಸ್ತೀನಿ" ಎಂದೆ. ಫಿಲೋಮಿ ಕಾಫಿ ತಾನೇ ಮಾಡಿಕೊಂಡು ಕುಡಿದು ಲೋಟ ತೊಳೆದಿಟ್ಟು ಹೋದಳು. ಮಗು ನಿದ್ದೆಹೋಯಿತು. ಮೆಟಿಲ್ಡಳೂ ನಿದ್ದೆಹೋದಳು.

ನಾನು ಇನ್ನೂ ಮಲಗಿಸಿರಲಿಲ್ಲ.

ನಿನ್ನ ಚೇಚಿ
ಬ್ರಿಜಿತ್ತ